ಗೇಟ್ ಪೂರ್ತಿ ತೆರೆದರೂ ಲೋಡ್ ಬರುತ್ತಿಲ್ಲ: ಸಣ್ಣ ಜಲವಿದ್ಯುತ್ ಘಟಕದಲ್ಲಿ ದೋಷ ಹುಡುಕುವ ಬಗೆ

ಅಣೆಕಟ್ಟು ತುಂಬಿದೆ, ಕೋಡಿ ಮೇಲೆ ನೀರು ಹರಿಯುತ್ತಿದೆ. ಪ್ಯಾನೆಲ್ ನೋಡಿದರೆ ಗೈಡ್ ವೇನ್, ಅಂದರೆ ಟರ್ಬೈನ್‌ಗೆ ಹೋಗುವ ನೀರನ್ನು ಹೆಚ್ಚು ಕಡಿಮೆ ಮಾಡುವ ಗೇಟ್, ನೂರಕ್ಕೆ ನೂರು ತೆರೆದಿದೆ. ಆದರೂ 475 ಕಿಲೋವ್ಯಾಟ್ ಕೊಡಬೇಕಾದ ಯಂತ್ರ 400 ದಾಟುತ್ತಿಲ್ಲ. ಅಲಾರಂ ಇಲ್ಲ, ಟ್ರಿಪ್ ಆಗಿ ಯಂತ್ರ ತಾನಾಗೇ ನಿಂತದ್ದಿಲ್ಲ, ಬೇರಿಂಗ್ ಬಿಸಿಯಾಗಿಲ್ಲ. ಟ್ರಿಪ್ ಆದ ಯಂತ್ರದಲ್ಲಿ ಯಾವ ರಿಲೇ ಮೊದಲು ಬಿತ್ತು ಎಂದು ನೋಡಿ ದಾರಿ ಹಿಡಿಯಬಹುದು. ಇಲ್ಲಿ ಅಂಥ ಸುಳಿವೇ ಇಲ್ಲ, ಹಾಗಾಗಿ ಈ ದೋಷವನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟುಬಿಡುತ್ತಾರೆ.

ಇಲ್ಲವೇ ನೇರವಾಗಿ ಟರ್ಬೈನ್ ಬಿಚ್ಚುವ ಮಾತು ಶುರುವಾಗುತ್ತದೆ. ದಯವಿಟ್ಟು ಅಲ್ಲಿಗೆ ಓಡಬೇಡಿ. ಮೊದಲು ನೀರಿನ ಜೊತೆ ನಡೆಯಿರಿ, ಅಣೆಕಟ್ಟಿನ ಹಿಂದಿನ ನೀರಿನಿಂದ ಶುರು ಮಾಡಿ ಟೇಲ್‌ರೇಸ್ (ಟರ್ಬೈನ್‌ನಿಂದ ಹೊರಬಿದ್ದ ನೀರಿನ ಕಾಲುವೆ) ಮತ್ತೆ ನದಿಗೆ ಸೇರುವ ಜಾಗದ ತನಕ. ಕಡಿಮೆಯಾದ ಕಿಲೋವ್ಯಾಟ್ ಎತ್ತರದಲ್ಲಿ ಹೋಗಿರಬೇಕು, ಇಲ್ಲವೇ ನೀರಿನ ಪ್ರಮಾಣದಲ್ಲಿ, ಇಲ್ಲವೇ ಯಂತ್ರದ ಒಳಗೆ. ನಾಲ್ಕನೆಯದೊಂದಿದೆ: ಮೀಟರ್ ತಪ್ಪು ತೋರಿಸುತ್ತಿರಬಹುದು. ಈ ನಾಲ್ಕರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಅಗತ್ಯವೇ ಇಲ್ಲ.

ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತದೋ ಅದನ್ನು ನಿವ್ವಳ ಎತ್ತರದಿಂದ ಗುಣಿಸಿ, 9.81ರಿಂದ ಗುಣಿಸಿ, ಕೊನೆಗೆ ದಕ್ಷತೆಯಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೇಲಿನ ನೀರಿಗೂ ಕೆಳಗಿನ ನೀರಿಗೂ 30 ಮೀಟರ್ ವ್ಯತ್ಯಾಸ. ಕಸದ ಜಾಲರಿ ಮತ್ತು ನೀರನ್ನು ಟರ್ಬೈನ್‌ಗೆ ತರುವ ಪೈಪ್ ಆದ ಪೆನ್‌ಸ್ಟಾಕ್‌ನಲ್ಲಿ 1.5 ಮೀಟರ್ ನಷ್ಟ. ಉಳಿಯುವುದು 28.5 ಮೀಟರ್. ನೀರು ಸೆಕೆಂಡಿಗೆ 2 ಘನ ಮೀಟರ್, ಟರ್ಬೈನ್ ಮತ್ತು ಜನರೇಟರ್ ಸೇರಿ ದಕ್ಷತೆ 0.85. ಗುಣಿಸಿ ನೋಡಿ, ಸುಮಾರು 475 ಬರುತ್ತದೆ. ನಿಮ್ಮ ಘಟಕದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಒಮ್ಮೆ ಮಾಡಿಟ್ಟುಕೊಳ್ಳಿ, ಮುಂದಿನ ಎಲ್ಲದಕ್ಕೂ ಬೇಕಾಗುತ್ತದೆ.

ಇನ್ನೊಂದು ವಿಷಯ. ಗೇಟ್ ಅಷ್ಟೇ ತೆರೆದಿದ್ದು ಎತ್ತರ ಮಾತ್ರ ಕಡಿಮೆಯಾದರೆ ನೀರಿನ ಹರಿವೂ ಜೊತೆಗೇ ಇಳಿಯುತ್ತದೆ. ಹಾಗಾಗಿ ವಿದ್ಯುತ್ ಎತ್ತರದ ಒಂದೂವರೆ ಘಾತದ ಲೆಕ್ಕದಲ್ಲಿ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ 475ರಿಂದ 400ಕ್ಕೆ ಬರಬೇಕಾದರೆ ಎತ್ತರವೊಂದರಲ್ಲೇ ಸುಮಾರು 3.1 ಮೀಟರ್ ಹೋಗಿರಬೇಕು. ಮೂರು ಮೀಟರ್ ನೀರು ಎಲ್ಲೂ ಅಡಗಿ ಕೂರುವುದಿಲ್ಲ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಜಾಲರಿಯಲ್ಲಿ 30 ಸೆಂಟಿಮೀಟರ್ ವ್ಯತ್ಯಾಸ ಕಂಡಾಕ್ಷಣ "ಸಿಕ್ತು, ಇದೇ ಕಾರಣ" ಎಂದು ನಿಲ್ಲಿಸಬೇಡಿ. ಅದು ಒಂದು ಕಾರಣ ಇರಬಹುದು, ಆದರೆ 75 ಕಿಲೋವ್ಯಾಟ್‌ಗೆ ಅದು ಸಾಲುವುದಿಲ್ಲ.

ಯಾವಾಗಿನಿಂದ ಕಡಿಮೆಯಾಯಿತು?

ಲಾಗ್‌ಬುಕ್ ತೆಗೆಯಿರಿ. ಒಂದೇ ಕ್ಷಣದಲ್ಲಿ ಮೆಟ್ಟಿಲು ಇಳಿದಂತೆ ಬಿತ್ತಾ, ಕೆಲವು ಗಂಟೆಗಳಲ್ಲಿ ಇಳಿಯಿತಾ, ವಾರಗಳಲ್ಲಾ, ವರ್ಷಗಳಲ್ಲಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಥಟ್ಟನೆ ಬಿದ್ದಿದ್ದರೆ ಗೈಡ್ ವೇನ್‌ನ ಶಿಯರ್ ಪಿನ್ ತುಂಡಾಗಿರಬಹುದು, ರನ್ನರ್‌ಗೆ (ಟರ್ಬೈನ್‌ನ ಸುತ್ತುವ ಚಕ್ರಕ್ಕೆ) ಮರದ ತುಂಡು ಸಿಕ್ಕಿರಬಹುದು, ಇಲ್ಲವೇ ಮೀಟರಿಗೆ ವೋಲ್ಟೇಜ್ ಕೊಡುವ ಪಿಟಿಯ ಫ್ಯೂಸ್ ಹೋಗಿರಬಹುದು. ಗಂಟೆಗಳಲ್ಲಿ ಇಳಿದಿದ್ದರೆ ಜಾಲರಿಗೆ ಎಲೆ, ಹುಲ್ಲು ಮೆತ್ತಿಕೊಂಡಿದೆ ಎಂದೇ ಶುರು ಮಾಡಿ, ಅದರಲ್ಲೂ ಮಳೆಯ ಮೊದಲ ಪ್ರವಾಹ ಬಂದ ಹೊತ್ತಿನಲ್ಲಿ. ವಾರಗಳಲ್ಲಿ ಇಳಿದಿದ್ದರೆ ಟೇಲ್‌ರೇಸ್ ಬಾಯಲ್ಲಿ ಜಲ್ಲಿಕಲ್ಲು ತುಂಬಿರುವುದು, ಕಾಲುವೆಯಲ್ಲಿ ಪಾಚಿ ಬೆಳೆದಿರುವುದು ನೋಡಬೇಕು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿದಿದ್ದರೆ ಮಾತ್ರ ರನ್ನರ್ ಸವೆತದ ಮಾತು.

ಹೋಲಿಸುವಾಗ ಮೇಲಿನ ನೀರಿನ ಮಟ್ಟ, ಕೆಳಗಿನ ನೀರಿನ ಮಟ್ಟ ಎರಡೂ ಹೆಚ್ಚೂಕಡಿಮೆ ಒಂದೇ ಇದ್ದ ಹಳೆಯ ದಿನವನ್ನೇ ಆರಿಸಿ. ಬೇಸಿಗೆಯ ಓದನ್ನು ಪ್ರವಾಹದ ದಿನದ ಓದಿನ ಜೊತೆ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ.

ಮೀಟರ್ ಸರಿ ಇದೆಯಾ?

ಪ್ಯಾನೆಲ್‌ನ ಕಿಲೋವ್ಯಾಟ್ ಮೀಟರನ್ನು ಎನರ್ಜಿ ಮೀಟರ್ ಜೊತೆ ಹೋಲಿಸಿ. ಲೋಡ್ ಅಲ್ಲಾಡದಂತೆ ಹಿಡಿದು 15 ನಿಮಿಷದಲ್ಲಿ ಎಷ್ಟು ಯೂನಿಟ್ ಓಡಿತು ನೋಡಿ, ನಾಲ್ಕರಿಂದ ಗುಣಿಸಿ. ಎರಡೂ ಹೊಂದುತ್ತಿದೆಯಾ? ಆಮೇಲೆ ಕರೆಂಟ್ ನೋಡಿ. 415 ವೋಲ್ಟ್ ಯಂತ್ರ, ಪವರ್ ಫ್ಯಾಕ್ಟರ್ 0.95 ಇದ್ದಾಗ 475 ಕಿಲೋವ್ಯಾಟ್‌ಗೆ ಪ್ರತಿ ಫೇಸ್‌ನಲ್ಲೂ ಸುಮಾರು 696 ಆಂಪಿಯರ್ ಇರಬೇಕು. ಕರೆಂಟ್ ಮೊದಲಿನಷ್ಟೇ ಇದೆ, ಪವರ್ ಫ್ಯಾಕ್ಟರ್ ಬದಲಾಗಿಲ್ಲ, ಆದರೆ ಕಿಲೋವ್ಯಾಟ್ ಮಾತ್ರ ಕಡಿಮೆ ಎಂದರೆ ತಪ್ಪು ಮೀಟರಿನದ್ದು. ಫೇಸ್‌ಗೊಂದರಂತೆ ಮೂರು ಎಲಿಮೆಂಟ್ ಇರುವ ಮೀಟರಿನಲ್ಲಿ ಒಂದು ಪಿಟಿ ಫ್ಯೂಸ್ ಹೋದರೆ ಓದು ಸರಿಯಾಗಿ ಮೂರನೇ ಒಂದು ಭಾಗ ಇಳಿಯುತ್ತದೆ, ಅಂದರೆ 475ರ ಬದಲು 317ರ ಹತ್ತಿರ. ಹಾಗಾಗಿ ಮೂರರಲ್ಲೊಂದು ಪಾಲು ಥಟ್ಟನೆ ಹೋಯಿತು ಎಂದರೆ ನದಿ ಕಡೆ ಹೋಗುವ ಮೊದಲು ಫ್ಯೂಸ್ ನೋಡಿ. ನಮ್ಮ 400ಕ್ಕೆ ಇದು ಹೊಂದುವುದಿಲ್ಲ, ಹಾಗಾಗಿ ಮುಂದೆ ಹೋಗೋಣ.

ಮೇಲಿನ ನೀರು ಮತ್ತು ಜಾಲರಿ

ಮಟ್ಟದ ಸೆನ್ಸರ್ ಹೇಳಿದ್ದನ್ನು ನಂಬಬೇಡಿ, ಸ್ಟಾಫ್ ಗೇಜ್‌ನಲ್ಲಿ ಕಣ್ಣಾರೆ ನೋಡಿ. ಬಹಳ ಘಟಕಗಳಲ್ಲಿ ಫೋರ್‌ಬೇ (ಪೈಪಿನ ಬಾಯಿಯ ಮುಂದಿನ ಕೊಳ) ಮಟ್ಟ ಇಳಿದರೆ ಗೇಟ್ ನಿಯಂತ್ರಿಸುವ ಗವರ್ನರ್ ತಾನಾಗೇ ಗೇಟ್ ಮುಚ್ಚಿಕೊಳ್ಳುವ ವ್ಯವಸ್ಥೆ ಇರುತ್ತದೆ. ಸೆನ್ಸರ್ ಇಟ್ಟಿರುವ ಬಾವಿಗೆ ಹೂಳು ತುಂಬಿದರೆ, ಅದರ ರಂಧ್ರ ಮುಚ್ಚಿಕೊಂಡರೆ, ಹೊರಗೆ ನೀರು ತುಂಬಿದ್ದರೂ ಒಳಗೆ ಹಳೆಯ ಮಟ್ಟವೇ ನಿಂತಿರುತ್ತದೆ. ಗವರ್ನರ್ ನೀರಿಲ್ಲ ಎಂದುಕೊಂಡು ಗೇಟ್ ತೆರೆಯುವುದೇ ಇಲ್ಲ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ. ಗೇಟ್ 80ರ ಹತ್ತಿರ ನಿಂತು ಮುಂದೆ ಹೋಗುತ್ತಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಈಗ ಟ್ರ್ಯಾಶ್ ರ್ಯಾಕ್, ಅಂದರೆ ಕಸ ತಡೆಯುವ ಕಂಬಿ ಜಾಲರಿ. ಯಂತ್ರ ಪೂರ್ತಿ ಲೋಡ್‌ನಲ್ಲಿ ಓಡುತ್ತಿರುವಾಗಲೇ ಜಾಲರಿಯ ಹಿಂದೆ ಮುಂದೆ ನೀರಿನ ಮಟ್ಟ ಅಳೆಯಿರಿ. ಯಂತ್ರ ನಿಂತಾಗ ಅಳೆದರೆ ಎರಡೂ ಕಡೆ ಒಂದೇ ಮಟ್ಟ ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಸ್ವಚ್ಛ ಜಾಲರಿಯಲ್ಲಿ ವ್ಯತ್ಯಾಸ ಕೆಲವೇ ಸೆಂಟಿಮೀಟರ್ ಇರುತ್ತದೆ. ನಮ್ಮ 28.5 ಮೀಟರ್ ಘಟಕದಲ್ಲಿ ಜಾಲರಿಯ ನಷ್ಟ 80 ಸೆಂಟಿಮೀಟರ್ ಜಾಸ್ತಿಯಾದರೆ ಸುಮಾರು 20 ಕಿಲೋವ್ಯಾಟ್ ಹೋಗುತ್ತದೆ, ಅಂದರೆ ನೂರಕ್ಕೆ ನಾಲ್ಕು. ಆದರೆ ಬರೀ 5 ಮೀಟರ್ ಎತ್ತರದ ಘಟಕದಲ್ಲಿ ಅದೇ 80 ಸೆಂಟಿಮೀಟರ್ ನೂರಕ್ಕೆ 23ರಷ್ಟು ವಿದ್ಯುತ್ ತಿಂದುಹಾಕುತ್ತದೆ. ಕಡಿಮೆ ಎತ್ತರದ ಘಟಕ ನಡೆಸುವವರು ಜಾಲರಿ ಗೀರುವ ಕೆಲಸವನ್ನು ಯಂತ್ರದ ಸರ್ವಿಸ್‌ಗಿಂತ ಮೇಲೆ ಇಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ಕೆಲಸವನ್ನು ಯಾರೂ ದೊಡ್ಡದು ಎಂದು ಎಣಿಸುವುದಿಲ್ಲ.

ಮೇಲ್ಗಡೆ ಸ್ವಚ್ಛವಾಗಿ ಕಂಡರೂ ಅಡಿಯಲ್ಲಿ ಮುಚ್ಚಿಕೊಂಡಿರಬಹುದು. ಒದ್ದೆಯಾಗಿ ಮುಳುಗಿದ ಎಲೆ, ಪ್ಲಾಸ್ಟಿಕ್ ಹಾಳೆ, ಹೂಳು ಇವೆಲ್ಲ ಕೆಳಗಿನ ಕಂಬಿಗಳಿಗೇ ಮೆತ್ತಿಕೊಳ್ಳುತ್ತವೆ. ಕುಂಟೆಯನ್ನು ತಳದ ತನಕ ಇಳಿಸಿ ಎಳೆಯಿರಿ. ಜಾಲರಿಯ ಮುಂದೆ ಹೂಳು ಎಷ್ಟು ಎತ್ತರಕ್ಕೆ ಕೂತಿದೆ ಎಂದು ಉದ್ದನೆಯ ಕೋಲಿನಿಂದ ಮುಟ್ಟಿ ನೋಡಿ. ಮೇಲೆ ಎತ್ತಿದ ಪ್ಲಾಸ್ಟಿಕ್ಕನ್ನು ದಯವಿಟ್ಟು ಅಣೆಕಟ್ಟಿನ ಕೆಳಗೆ ಎಸೆಯಬೇಡಿ. ಕೆಳಗೂ ಅದೇ ನದಿ.

ಜಾಲರಿ ಹತ್ತಿರ ನಿಂತಾಗ ನೀರಿನ ಮೇಲ್ಮೈ ನೋಡಿ. ಸುಳಿ ಎದ್ದು ನಡುವೆ ತೂತು ಬಿದ್ದಂತೆ ಕಾಣುತ್ತಿದ್ದರೆ ಪೈಪಿನೊಳಗೆ ಗಾಳಿ ಹೋಗುತ್ತಿದೆ. ಆಗ ಪ್ರೆಶರ್ ಗೇಜ್ ಮುಳ್ಳು ಕುಣಿಯುತ್ತದೆ, ಲೋಡ್ ಮೇಲೆ ಕೆಳಗೆ ಆಗುತ್ತದೆ, ಪೈಪಿನಲ್ಲಿ ಗುದ್ದಿದ ಸದ್ದು ಬರುತ್ತದೆ. ಸದ್ಯಕ್ಕೆ ಲೋಡ್ ಇಳಿಸಿ, ನೀರಿನ ಮಟ್ಟ ಏರಲು ಬಿಡಿ. ಇನ್‌ಟೇಕ್ ಮೇಲೆ ಮರದ ತೆಪ್ಪ ಕಟ್ಟಿ ತೇಲಿಬಿಟ್ಟರೂ ಸುಳಿ ಒಡೆಯುತ್ತದೆ.

ಪ್ರೆಶರ್ ಗೇಜ್ ಹೇಳುವುದನ್ನು ಕೇಳಿ

ಇಡೀ ತಪಾಸಣೆಯ ತಿರುಳು ಇಲ್ಲಿದೆ, ಇಲ್ಲಿ ಸ್ವಲ್ಪ ಸಮಯ ಕೊಡಿ. ಟರ್ಬೈನ್ ಬಾಯಿ ಹತ್ತಿರ ಇರುವ ಗೇಜನ್ನು ಎರಡು ಸ್ಥಿತಿಯಲ್ಲಿ ಓದಬೇಕು.

ಮೊದಲು ಯಂತ್ರ ನಿಲ್ಲಿಸಿ, ಮುಖ್ಯ ವಾಲ್ವ್ ತೆರೆದಿಟ್ಟು, ಗೈಡ್ ವೇನ್ ಮುಚ್ಚಿ ಓದಿ. 10.2 ಮೀಟರ್ ನೀರು ಒಂದು ಬಾರ್. ಮೇಲಿನ ನೀರು ಗೇಜ್‌ಗಿಂತ 28 ಮೀಟರ್ ಎತ್ತರದಲ್ಲಿದ್ದರೆ ಗೇಜ್ ಸುಮಾರು 2.75 ಬಾರ್ ತೋರಿಸಬೇಕು. ಅದು 2.6 ತೋರಿಸಿದರೆ ಗೇಜೇ ತಪ್ಪು. ಮೊದಲು ಅದನ್ನು ಬದಲಿಸಿ ಮುಂದಿನ ಮಾತಾಡಿ. ತಪ್ಪು ಗೇಜ್ ಹಿಡಿದು ಪೆನ್‌ಸ್ಟಾಕ್ ಖಾಲಿ ಮಾಡಿಸಿದರೆ ಅಷ್ಟೂ ದಿನದ ಉತ್ಪಾದನೆ ನಷ್ಟ, ಅಲ್ವಾ?

ಆಮೇಲೆ ಪೂರ್ತಿ ಗೇಟ್‌ನಲ್ಲಿ ಓಡುವಾಗ ಓದಿ, ಹಳೆಯ ಓದಿನ ಜೊತೆ ಹೋಲಿಸಿ. ಮೂರು ಉತ್ತರ ಬರಬಹುದು.

ಓಡುವಾಗಿನ ಒತ್ತಡ ಮೊದಲಿಗಿಂತ ಕಡಿಮೆ, ವಿದ್ಯುತ್ತೂ ಕಡಿಮೆ. ಹಾಗಿದ್ದರೆ ಎತ್ತರ ಗೇಜ್‌ಗಿಂತ ಮೇಲೆಯೇ ಹೋಗುತ್ತಿದೆ: ಜಾಲರಿ, ಪೆನ್‌ಸ್ಟಾಕ್, ಇಲ್ಲವೇ ಪೂರ್ತಿ ತೆರೆಯದ ಬಟರ್‌ಫ್ಲೈ ವಾಲ್ವ್. ಜಾಲರಿಯ ನಷ್ಟವನ್ನು ನೀವು ಆಗಲೇ ಟೇಪ್ ಹಿಡಿದು ಅಳೆದಿದ್ದೀರಿ, ಉಳಿದದ್ದು ಪೈಪ್ ಮತ್ತು ವಾಲ್ವ್ ಲೆಕ್ಕಕ್ಕೆ. ವಾಲ್ವ್‌ನ ಲಿಮಿಟ್ ಸ್ವಿಚ್ "ತೆರೆದಿದೆ" ಎಂದರೂ ಶಾಫ್ಟ್ ಮೇಲಿನ ಗುರುತು ನೋಡಿ, ಶಾಫ್ಟ್‌ನ ಕೀ (ಬೆಣೆ) ಜಾರಿ ತಟ್ಟೆ ಅರ್ಧದಲ್ಲೇ ನಿಂತಿರಬಹುದು.

ಓಡುವಾಗಿನ ಒತ್ತಡ ಮೊದಲಿಗಿಂತ ಜಾಸ್ತಿ, ಆದರೆ ವಿದ್ಯುತ್ ಕಡಿಮೆ. ಇದು ತುಂಬಾ ಬೆಲೆಬಾಳುವ ಸುಳಿವು. ನೀರು ಕಡಿಮೆ ಹರಿಯುತ್ತಿದೆ ಎಂದೇ ಅರ್ಥ, ಯಾಕೆಂದರೆ ಹರಿವು ಇಳಿದಾಗ ಪೈಪಿನ ನಷ್ಟವೂ ಇಳಿದು ಒತ್ತಡ ಏರುತ್ತದೆ. ಗೈಡ್ ವೇನ್ ನಿಜವಾಗಿ ತೆರೆದಿಲ್ಲ, ಇಲ್ಲವೇ ವೇನ್‌ಗಳ ನಡುವೆ, ರನ್ನರ್ ಬಾಯಲ್ಲಿ ಏನೋ ಸಿಕ್ಕಿದೆ. ನೀರಿನ ಚಿಮ್ಮುಧಾರೆಯಿಂದ ಸುತ್ತುವ ಪೆಲ್ಟನ್ ಟರ್ಬೈನ್ ಆದರೆ ನಾಝಲ್‌ನಲ್ಲಿ ಕಲ್ಲು ಅಥವಾ ಕಡ್ಡಿ. ಆದರೆ ಏರಿಕೆ ಸಣ್ಣದಿರುತ್ತದೆ, ಹುಷಾರಾಗಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ 400ಕ್ಕೆ ಇಳಿಯಲು ಹರಿವು 2ರಿಂದ ಸುಮಾರು 1.7ಕ್ಕೆ ಬಂದಿರಬೇಕು, ಅಷ್ಟಕ್ಕೆ ಗೇಜ್ ಏರುವುದು ಬರೀ 0.05 ಬಾರ್ ಆಸುಪಾಸು. 0.1 ಬಾರ್‌ಗೊಂದು ಗೆರೆ ಇರುವ ಹಳೆಯ ಗೇಜ್‌ನಲ್ಲಿ ಇದು ಕಾಣುವುದೇ ಇಲ್ಲ. ಒಳ್ಳೆಯ ಡಿಜಿಟಲ್ ಗೇಜ್ ಒಂದನ್ನು ತಂದಿಡಿ. ಈ ಒಂದು ಉಪಕರಣಕ್ಕೆ ಜಿಪುಣತನ ಬೇಡ.

ಒತ್ತಡ ಮೊದಲಿನಷ್ಟೇ, ವಿದ್ಯುತ್ ಮಾತ್ರ ಕಡಿಮೆ. ಆಗ ನಷ್ಟ ಗೇಜ್‌ನ ಕೆಳಗಿದೆ: ರನ್ನರ್, ಡ್ರಾಫ್ಟ್ ಟ್ಯೂಬ್ (ರನ್ನರ್‌ನಿಂದ ಟೇಲ್‌ರೇಸ್‌ಗೆ ನೀರು ಇಳಿಸುವ ಕೊಳವೆ), ಕೆಳಗಿನ ನೀರಿನ ಮಟ್ಟ, ಇಲ್ಲವೇ ಜನರೇಟರ್. ಕೆಳಗಿನ ನೀರು ಏರಿದ್ದು ಈ ಗೇಜ್‌ಗೆ ನೇರವಾಗಿ ಕಾಣುವುದಿಲ್ಲ ಎಂಬುದನ್ನು ಮರೆಯಬೇಡಿ.

ಗೇಜ್ ಮೇಲೆ ಇನ್ನೂ ಅನುಮಾನ ಇದ್ದರೆ ಒಂದು ಉಪಾಯ ಇದೆ. ಪೂರ್ತಿ ಹರಿವಿನಲ್ಲೂ ಅರ್ಧ ಹರಿವಿನಲ್ಲೂ ನಷ್ಟ ಲೆಕ್ಕ ಹಾಕಿ. ನೀರಿನ ಉಜ್ಜಾಟದ ನಷ್ಟ ಹರಿವಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಪೂರ್ತಿಯಲ್ಲಿ 1.5 ಮೀಟರ್ ಇದ್ದರೆ ಅರ್ಧದಲ್ಲಿ 0.4 ಮೀಟರ್ ಹತ್ತಿರ ಬರಬೇಕು. ಎರಡೂ ಕಡೆ ಒಂದೇ ಅಂಕಿ ಜಾಸ್ತಿ ಬರುತ್ತಿದ್ದರೆ ಅದು ಗೇಜ್‌ನ ಸೊನ್ನೆ ಜಾರಿರುವುದು, ಅಡೆತಡೆ ಅಲ್ಲ. ಗೇಜ್ ಇರುವ ಜಾಗದಲ್ಲಿ ನೀರಿನ ವೇಗವೂ ಸ್ವಲ್ಪ ಎತ್ತರವನ್ನು ಹಿಡಿದಿಟ್ಟಿರುತ್ತದೆ, ಸೆಕೆಂಡಿಗೆ 3 ಮೀಟರ್ ವೇಗ ಇದ್ದರೆ ಸುಮಾರು 0.46 ಮೀಟರ್. ಅದನ್ನು ನಷ್ಟಕ್ಕೆ ಸೇರಿಸಬೇಡಿ.

ಗೈಡ್ ವೇನ್ ನಿಜವಾಗಿ ಎಷ್ಟು ತೆರೆದಿದೆ?

ಪ್ಯಾನೆಲ್‌ನ ನೂರು ಎಂಬ ಅಂಕಿ ವೇನ್‌ನಿಂದ ಬಂದದ್ದಲ್ಲ. ವೇನ್‌ಗಳನ್ನು ತಿರುಗಿಸುವ ಸರ್ವೋಮೋಟರ್‌ನ ರಾಡ್‌ಗೆ ಕಟ್ಟಿದ ಸೆನ್ಸರ್ ಕಳಿಸುವ 4ರಿಂದ 20 ಮಿಲಿಆಂಪಿಯರ್ ಸಿಗ್ನಲ್ ಅದು. ಸೆನ್ಸರ್‌ನ ಕ್ಲಾಂಪ್ ಸ್ವಲ್ಪ ಜಾರಿದರೆ ಸಾಕು, ವೇನ್ 85ರಲ್ಲಿ ನಿಂತಿರುತ್ತದೆ, ಪ್ಯಾನೆಲ್ ನೂರು ಎನ್ನುತ್ತದೆ, ಗವರ್ನರ್ ತೃಪ್ತಿಯಾಗಿ ಅಲ್ಲೇ ನಿಲ್ಲುತ್ತದೆ. ಸರ್ವೋಮೋಟರ್ ಮೇಲಿನ ಲೋಹದ ಸ್ಕೇಲ್ ಓದಿ, ಇಲ್ಲದಿದ್ದರೆ ರಾಡ್ ಎಷ್ಟು ಮಿಲಿಮೀಟರ್ ಹೊರಬಂದಿದೆ ಎಂದು ನೀವೇ ಅಳೆಯಿರಿ, ಯಂತ್ರ ಕೂಡಿಸಿದಾಗಿನ ದಾಖಲೆಯ ಜೊತೆ ಹೋಲಿಸಿ. ಒತ್ತಡ ಜಾಸ್ತಿ, ವಿದ್ಯುತ್ ಕಡಿಮೆ ಎಂಬ ಜೋಡಿ ಸಿಕ್ಕಿದ್ದರೆ ಮೊದಲು ಇಲ್ಲಿಗೇ ಬನ್ನಿ. ಐದು ನಿಮಿಷದ ಕೆಲಸ.

ಸರ್ವೋಮೋಟರ್ ಪೂರ್ತಿ ಹೋಗಿದ್ದರೂ ಪ್ರತಿಯೊಂದು ವೇನ್‌ನ ಲಿವರ್ ನೋಡಬೇಕು. ಶಿಯರ್ ಪಿನ್ ಇರುವುದೇ ಮುರಿಯಲಿಕ್ಕೆ: ವೇನ್ ನಡುವೆ ಕಲ್ಲು, ಮರ ಸಿಕ್ಕಾಗ ಪಿನ್ ತುಂಡಾಗಿ ಉಳಿದ ಲಿಂಕ್‌ಗಳನ್ನು ಉಳಿಸುತ್ತದೆ. ಪಿನ್ ಹೋದ ವೇನ್‌ನ ಲಿವರ್ ಉಳಿದವುಗಳ ಸಾಲಿನಿಂದ ಹೊರಗೆ, ಬೇರೆ ಕೋನದಲ್ಲಿ ನಿಂತಿರುತ್ತದೆ, ಕಣ್ಣಿಗೇ ಕಾಣುತ್ತದೆ. ಅಂಥ ವೇನ್ ನೀರಿನಲ್ಲಿ ಪಟಪಟ ಬಡಿದುಕೊಳ್ಳಬಹುದು, ರನ್ನರ್‌ಗೆ ನೀರು ಒಂದೇ ಸಮ ಬರುವುದಿಲ್ಲ, ಕಂಪನ ಏರುತ್ತದೆ. ಪಿನ್ ಬದಲಿಸುವಾಗ ಅದೇ ಲೋಹದ, ಅದೇ ಅಳತೆಯ ಪಿನ್ನನ್ನೇ ಹಾಕಿ. "ಪದೇ ಪದೇ ಮುರಿಯುತ್ತೆ" ಎಂದು ಗಟ್ಟಿ ಬೋಲ್ಟ್ ತುರುಕಿದರೆ ಮುಂದಿನ ಸಲ ಮುರಿಯುವುದು ಲಿವರ್ ಅಥವಾ ವೇನ್.

ರನ್ನರ್ ರೆಕ್ಕೆಗಳೂ ತಿರುಗುವ ಕ್ಯಾಪ್ಲಾನ್ ಟರ್ಬೈನ್‌ನಲ್ಲಿ ಇನ್ನೊಂದು ಸಾಧ್ಯತೆ ಇದೆ. ಗೈಡ್ ವೇನ್ ಮತ್ತು ರನ್ನರ್ ರೆಕ್ಕೆ ಎರಡೂ ಒಟ್ಟಿಗೆ, ಗೊತ್ತಾದ ಹೊಂದಾಣಿಕೆಯಲ್ಲಿ ತಿರುಗಬೇಕು. ರೆಕ್ಕೆಯ ಸೆನ್ಸರ್ ಜಾರಿದರೆ ಆ ಹೊಂದಾಣಿಕೆ ತಪ್ಪಿ ದಕ್ಷತೆ ಬೀಳುತ್ತದೆ.

ಕೆಳಗಿನ ನೀರು

ಟೇಲ್‌ರೇಸ್ ಕಡೆ ಯಾರೂ ಹೋಗುವುದಿಲ್ಲ, ಅದಕ್ಕೇ ಅಲ್ಲಿ ದೋಷ ತುಂಬಾ ದಿನ ಹಾಗೇ ಇರುತ್ತದೆ. ಪ್ರವಾಹ ಇಳಿದ ಮೇಲೆ ಟೇಲ್‌ರೇಸ್ ನದಿಗೆ ಸೇರುವಲ್ಲಿ ಜಲ್ಲಿಕಲ್ಲಿನ ದಿಬ್ಬ ಉಳಿದಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಫ್ರಾನ್ಸಿಸ್, ಕ್ಯಾಪ್ಲಾನ್ ಯಂತ್ರಗಳಿಗೆ ಕೆಳಗಿನ ನೀರು ಒಂದು ಮೀಟರ್ ಏರಿದರೆ ಮೇಲಿನ ನೀರು ಒಂದು ಮೀಟರ್ ಇಳಿದಷ್ಟೇ ನಷ್ಟ. ಪೆಲ್ಟನ್‌ಗೆ ಇನ್ನೂ ಕಷ್ಟ, ನೀರು ಚಕ್ರಕ್ಕೆ ಮುಟ್ಟಿದರೆ ಓಟವೇ ಬಿಗಿಯುತ್ತದೆ. ಪ್ರವಾಹದ ದಿನ ನದಿಯೇ ಉಕ್ಕಿ ಎತ್ತರ ಕಡಿಮೆಯಾದರೆ ಅದು ದೋಷ ಅಲ್ಲ, ನೀರು ಇಳಿದಾಗ ತಾನಾಗೇ ಸರಿಹೋಗುತ್ತದೆ.

ನೀರು ತೀರಾ ಇಳಿದರೂ ತೊಂದರೆ. ಡ್ರಾಫ್ಟ್ ಟ್ಯೂಬ್ ಬಾಯಿ ನೀರಿನಲ್ಲಿ ಮುಳುಗಿರಬೇಕು. ಅದು ತೆರೆದುಕೊಂಡರೆ, ಇಲ್ಲವೇ ಮ್ಯಾನ್‌ಹೋಲ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿದರೆ, ರನ್ನರ್ ಕೆಳಗಿನ ನಿರ್ವಾತ ಒಡೆಯುತ್ತದೆ. ರನ್ನರ್‌ನಿಂದ ಟೇಲ್‌ರೇಸ್ ತನಕದ ಎತ್ತರದ ಲಾಭ ಆಗ ಕೈಬಿಡುತ್ತದೆ. ಡ್ರಾಫ್ಟ್ ಟ್ಯೂಬ್‌ನ ವ್ಯಾಕ್ಯೂಮ್ ಗೇಜ್ ಮೊದಲಿಗಿಂತ ಕಡಿಮೆ ತೋರಿಸುತ್ತಿದ್ದರೆ ಜೋಡಣೆಗಳ ಸುತ್ತ ಸೋಪಿನ ನೊರೆ ಹಚ್ಚಿ, ಗಾಳಿ ಒಳಗೆ ಎಳೆಯುವ ಜಾಗದಲ್ಲಿ ನೊರೆ ಒಳಕ್ಕೆ ಹೋಗುತ್ತದೆ.

ಕಿವಿ ಕೊಟ್ಟು ಕೇಳಿ

ಜಲ್ಲಿಕಲ್ಲು ಉರುಳಿದಂಥ ಕರಕರ ಸದ್ದು ರನ್ನರ್ ಹತ್ತಿರ ಬಂದರೆ ಅದು ಕ್ಯಾವಿಟೇಶನ್, ಅಂದರೆ ಒತ್ತಡ ತೀರಾ ಇಳಿದಲ್ಲಿ ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುವುದು. ಅರ್ಧ ಲೋಡ್ ಆಸುಪಾಸಿನಲ್ಲಿ ಮಾತ್ರ "ಧುಂ ಧುಂ" ಎಂದು ನಿಧಾನಕ್ಕೆ ಬರುವ ಸದ್ದು ಬೇರೆ, ಅದು ಡ್ರಾಫ್ಟ್ ಟ್ಯೂಬ್‌ನಲ್ಲಿ ಏಳುವ ಹಗ್ಗದಂಥ ಸುಳಿ. ಯಂತ್ರ ಸುತ್ತುವ ವೇಗದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಅದರ ಲಯ ಇರುತ್ತದೆ. ನಿಮಿಷಕ್ಕೆ 750 ಸುತ್ತಿನ ಯಂತ್ರದಲ್ಲಿ ಸೆಕೆಂಡಿಗೆ ಮೂರು ನಾಲ್ಕು ಬಡಿತ. ಲೋಡ್ ಬದಲಿಸಿದರೆ ಹೋಗುತ್ತದೆ, ರನ್ನರ್ ಕೆಳಗೆ ಸ್ವಲ್ಪ ಗಾಳಿ ಬಿಟ್ಟರೂ ತಗ್ಗುತ್ತದೆ. ಸುತ್ತಿಗೊಮ್ಮೆ ಬರುವ ಕಂಪನ, ಅದೂ ಥಟ್ಟನೆ ಶುರುವಾಗಿದ್ದು, ಲೋಡ್ ಕೂಡ ಜೊತೆಗೇ ಬಿದ್ದಿದ್ದರೆ ರನ್ನರ್‌ನಲ್ಲಿ ಮರ ಸಿಕ್ಕಿರುವ ಸಾಧ್ಯತೆ ಜಾಸ್ತಿ.

ಕಂಪನವನ್ನು "ಇದ್ದಿದ್ದೇ" ಎಂದು ಬಿಡಬೇಡಿ. 2009ರ ಆಗಸ್ಟ್ 17ರಂದು ರಷ್ಯಾದ ಸಯಾನೋ-ಶುಶೆನ್‌ಸ್ಕಾಯಾ ಕೇಂದ್ರದಲ್ಲಿ 2ನೇ ಯಂತ್ರದ ಟರ್ಬೈನ್ ಮುಚ್ಚಳ ಹಿಡಿದಿದ್ದ ಸ್ಟಡ್‌ಗಳು (ಬೋಲ್ಟ್‌ನಂಥ ಕಂಬಿಗಳು) ಮುರಿದು, ನೀರು ನುಗ್ಗಿ 75 ಜನ ಸತ್ತರು. ಕಂಪನದಿಂದ ಆ ಸ್ಟಡ್‌ಗಳ ಲೋಹ ದಣಿದು ಬಿರುಕು ಬಿಟ್ಟಿತ್ತು. ಅದು ದೈತ್ಯ ಕೇಂದ್ರ, ನಮ್ಮದು ಸಣ್ಣದು, ಆದರೆ ಸ್ಟಡ್ ದಣಿಯುವ ರೀತಿ ಎರಡರಲ್ಲೂ ಒಂದೇ. ಲೋಡ್ ಬೀಳುವುದರ ಜೊತೆ ಕಂಪನವೂ ಏರಿದ್ದರೆ ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ.

ರನ್ನರ್ ಸವೆತ ಕೊನೆಯ ಅನುಮಾನ. ನೀರಿನ ಮರಳಿನಲ್ಲಿರುವ ಕ್ವಾರ್ಟ್ಜ್ ಕಣ ಟರ್ಬೈನ್ ಉಕ್ಕಿಗಿಂತ ಗಟ್ಟಿ, ಸವೆತ ಸುಮಾರಾಗಿ ವೇಗದ ಮೂರನೇ ಘಾತದಂತೆ ಏರುತ್ತದೆ. ಹಾಗಾಗಿ ಎತ್ತರ ಜಾಸ್ತಿ ಇರುವ ಘಟಕಗಳಿಗೆ ಪೆಟ್ಟು ಜಾಸ್ತಿ. ರನ್ನರ್ ಸೀಲ್‌ನ ಸಂದು ಫೀಲರ್ ಗೇಜ್‌ನಿಂದ ಅಳೆದು ಹಳೆಯ ಅಳತೆಗೆ ಹೋಲಿಸಿ. ಗೈಡ್ ವೇನ್ ಮುಚ್ಚಿದ ಮೇಲೂ ಯಂತ್ರ ನಿಲ್ಲದೆ ನಿಧಾನಕ್ಕೆ ಸುತ್ತುತ್ತಲೇ ಇದ್ದರೆ ವೇನ್ ಅಂಚುಗಳು ಸವೆದು ನೀರು ಸೋರುತ್ತಿದೆ.

ವಿದ್ಯುತ್ ಕಡೆ

ಇಲ್ಲಿ ನೋಡಬೇಕಾದ್ದು ಸ್ವಲ್ಪವೇ. ಪವರ್ ಫ್ಯಾಕ್ಟರ್ ಬಿದ್ದರೆ ಅದೇ ಕಿಲೋವ್ಯಾಟ್‌ಗೆ ಕರೆಂಟ್ ಜಾಸ್ತಿ ಬೇಕು. 475 ಕಿಲೋವ್ಯಾಟ್‌ಗೆ 0.95ರಲ್ಲಿ 696 ಆಂಪಿಯರ್ ಸಾಕಿದ್ದದ್ದು 0.75ರಲ್ಲಿ 881 ಆಗುತ್ತದೆ. ಜನರೇಟರ್ ಮಿತಿ ಮುಟ್ಟಿತು ಎಂದು ಆಪರೇಟರ್ ಅಥವಾ ಕಂಟ್ರೋಲರ್ ಗೇಟ್ ಇಳಿಸುತ್ತದೆ, ನೋಡುವವರಿಗೆ ಟರ್ಬೈನ್ ಸೋತಂತೆ ಕಾಣುತ್ತದೆ. ಜನರೇಟರ್ ವೋಲ್ಟೇಜ್ ನಿಯಂತ್ರಿಸುವ ಎವಿಆರ್‌ನ ಸೆಟ್ಟಿಂಗ್ ನೋಡಿ. ಇಂಡಕ್ಷನ್ ಜನರೇಟರ್ ಆದರೆ ಕೆಪಾಸಿಟರ್ ಬ್ಯಾಂಕ್‌ನಲ್ಲಿ ಫ್ಯೂಸ್ ಹೋಗಿದೆಯಾ ನೋಡಿ. ಬೆಲ್ಟ್ ಇರುವ ಚಿಕ್ಕ ಘಟಕದಲ್ಲಿ ಬೆಲ್ಟ್ ಜಾರುತ್ತಿದೆಯಾ, ರಬ್ಬರ್ ಸುಟ್ಟ ವಾಸನೆ ಬರುತ್ತಿದೆಯಾ ಎಂದೂ ನೋಡಿ.

ಕೈ ಹಾಕುವ ಮೊದಲು

ರನ್ನರ್ ಹತ್ತಿರ ಇಳಿಯಬೇಕಾದರೆ ಮುಖ್ಯ ವಾಲ್ವ್ ಮುಚ್ಚಿ ಬೀಗ ಹಾಕಬೇಕು, ಗೈಡ್ ವೇನ್ ಲಾಕ್ ಮಾಡಬೇಕು, ನೀರು ಬಸಿಯಬೇಕು, ಬ್ರೇಕರ್ ಬೇರ್ಪಡಿಸಬೇಕು. ಬೀಗದ ಕೀ ಒಳಗೆ ಇಳಿಯುವವರ ಜೇಬಿನಲ್ಲೇ ಇರಬೇಕು. ಡ್ರಾಫ್ಟ್ ಟ್ಯೂಬ್ ಒಳಗೆ ಗಾಳಿ ಪರೀಕ್ಷಿಸದೆ ಇಳಿಯಬಾರದು, ಒಬ್ಬರೇ ಅಂತೂ ಬೇಡವೇ ಬೇಡ. ಓಡುತ್ತಿರುವ ಯಂತ್ರದ ಜಾಲರಿ ಮುಂದೆ ಯಾರೂ ನೀರಿಗೆ ಇಳಿಯಬಾರದು, ಎಷ್ಟೇ ಈಜು ಬಂದರೂ ಆ ಸೆಳೆತಕ್ಕೆ ಎದುರು ನಿಲ್ಲಲಾಗುವುದಿಲ್ಲ.

ವಾಲ್ವ್ ಮುಚ್ಚುವಾಗ ಅವಸರ ಬೇಡ. ಉಕ್ಕಿನ ಪೈಪಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1000 ಮೀಟರ್ ಓಡುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದ ನೀರು ಥಟ್ಟನೆ ನಿಂತರೆ ಸುಮಾರು 200 ಮೀಟರ್ ಎತ್ತರದಷ್ಟು ಒತ್ತಡ ಪೈಪಿಗೆ ಬಂದು ಬಡಿಯುತ್ತದೆ. 30 ಮೀಟರ್‌ಗೆ ಕಟ್ಟಿದ ಪೈಪ್ ಅದನ್ನು ತಡೆಯುವುದಿಲ್ಲ. ಪೈಪ್ ಖಾಲಿ ಮಾಡುವಾಗ ಮೇಲಿನ ಏರ್ ವೆಂಟ್ ತೆರೆದಿದೆಯಾ ಎಂದು ಹತ್ತಿ ನೋಡಿ. ಅದು ಮುಚ್ಚಿದ್ದರೆ ಒಳಗೆ ನಿರ್ವಾತ ಆಗಿ ಪೈಪ್ ಅಪ್ಪಚ್ಚಿಯಾಗುತ್ತದೆ.

ಕೆಳಗಿನ ಜನರನ್ನೂ ನೆನಪಿಡಿ. ಪರೀಕ್ಷೆಗೆಂದು ಯಂತ್ರ ನಿಲ್ಲಿಸಿ ಶುರು ಮಾಡುವಾಗಲೆಲ್ಲ ಅಣೆಕಟ್ಟಿನ ಕೆಳಗೆ ನೀರು ಇಳಿದು ಏರುತ್ತದೆ. ಅಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಮಕ್ಕಳು ಇರಬಹುದು. ಸೈರನ್ ಹಾಕಿ, ಲೋಡನ್ನು ಹಂತ ಹಂತವಾಗಿ ಏರಿಸಿ. ಯಂತ್ರ ನಿಂತಾಗ ನದಿಗೆ ಬಿಡಬೇಕಾದ ನೀರು ಬೈಪಾಸ್‌ನಲ್ಲಿ ಹೋಗುತ್ತಿದೆಯಾ ನೋಡಿ, ಇಲ್ಲದಿದ್ದರೆ ಗುಂಡಿಗಳಲ್ಲಿ ಮೀನು ಸಿಕ್ಕಿಕೊಂಡು ಸಾಯುತ್ತವೆ. ಹೂಳು ತೆಗೆಯುವ ಗೇಟನ್ನು ಬೇಸಿಗೆಯ ಸಣ್ಣ ಹರಿವಿನಲ್ಲಿ ತೆರೆಯಬೇಡಿ, ನದಿ ತುಂಬಿ ಹರಿಯುವಾಗ ತೆರೆಯಿರಿ. ಆಗ ಹೂಳು ಒಂದೇ ಕಡೆ ಕೂರದೆ ಮುಂದೆ ಸಾಗುತ್ತದೆ.

ಸರಿಪಡಿಸಿದ ಮೇಲೆ

ಲೋಡ್ ಬಂತು ಎಂದು ಅಲ್ಲಿಗೇ ಬಿಡಬೇಡಿ. ಅದೇ ದಿನ ಗೇಟ್ 40, 60, 80, 100ರಲ್ಲಿ ನಿಲ್ಲಿಸಿ ಓದುಗಳನ್ನು ಬರೆಯಿರಿ: ಮೇಲಿನ ಮಟ್ಟ, ಜಾಲರಿಯ ವ್ಯತ್ಯಾಸ, ಟರ್ಬೈನ್ ಬಾಯಿಯ ಒತ್ತಡ, ಡ್ರಾಫ್ಟ್ ಟ್ಯೂಬ್ ನಿರ್ವಾತ, ಕೆಳಗಿನ ಮಟ್ಟ, ಸರ್ವೋಮೋಟರ್ ಮಿಲಿಮೀಟರ್, ಕಿಲೋವ್ಯಾಟ್, ಕರೆಂಟ್. ರನ್ನರ್ ಸುತ್ತಲಿನ ಸುರುಳಿ ಕವಚದ ಮೇಲೆ ಹರಿವು ಅಳೆಯಲೆಂದು ಇಡುವ ವಿಂಟರ್-ಕೆನಡಿ ಒತ್ತಡ ತೂತುಗಳಿದ್ದರೆ ಅವೆರಡರ ವ್ಯತ್ಯಾಸವನ್ನೂ ಬರೆಯಿರಿ. ಹರಿವು ಆ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಮುಂದಿನ ಸಲ ನೀರು ಕಡಿಮೆಯಾಗಿದೆಯಾ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ತೇಲುವ ಕಡ್ಡಿ ಬಿಟ್ಟು ಮೇಲ್ಮೈ ವೇಗವನ್ನು 0.85ರಿಂದ ಗುಣಿಸುವ ವಿಧಾನ ಅಂದಾಜಿಗೆ ಸರಿ, ಆದರೆ ಅದರ ಮೇಲೆ ದಕ್ಷತೆ ತೀರ್ಮಾನಿಸಬೇಡಿ, ತಪ್ಪಿನ ಅಂತರ ತುಂಬಾ ದೊಡ್ಡದು. ಗುತ್ತಿಗೆ, ಗ್ಯಾರಂಟಿ ವಿಷಯಕ್ಕೆ ದಕ್ಷತೆ ಬೇಕಿದ್ದರೆ ಸಣ್ಣ ಘಟಕಗಳಿಗೆಂದೇ ಇರುವ ಐಇಸಿ 62006 ಮಾನದಂಡದ ಪ್ರಕಾರ ಅಳೆಸಿ. ಈ ಓದುಗಳ ಒಂದು ಪ್ರತಿಯನ್ನು ಪ್ಯಾನೆಲ್ ಪಕ್ಕದಲ್ಲೇ ಅಂಟಿಸಿಡಿ, ರಾತ್ರಿ ಪಾಳಿಯವರಿಗೆ ಫೈಲ್ ಹುಡುಕುವ ಕೆಲಸ ಬೀಳಬಾರದು.